ಅಂಗಡಿಯ ಹುಡುಗ ಒತ್ತಿದ ಒಪ್ಪಿಗೆ

(ಬೆಂಗಳೂರಿನ ಸುಬ್ರಹ್ಮಣ್ಯಪುರದಲ್ಲಿ ನೀಡಿದ ದತ್ತಿ ಉಪನ್ಯಾಸದ ಮುದ್ರಿತ ರೂಪ)



ದತ್ತಿ ಉಪನ್ಯಾಸವೆಂದರೆ ವಚನ, ದಾಸಸಾಹಿತ್ಯ, ಇಲ್ಲವೇ ಹಿರಿಯ ಲೇಖಕರೊಬ್ಬರ ಬದುಕು ಬರಹ ಎಂದು ನಿರೀಕ್ಷಿಸಿ ಬಂದವರು ನಿಮ್ಮಲ್ಲಿ ಇರಬಹುದು. ವಿಷಯದ ಆಯ್ಕೆಯನ್ನು ನನಗೇ ಬಿಟ್ಟುಕೊಟ್ಟಿದ್ದರಿಂದ, ಈ ಸಭೆಯಲ್ಲಿ ಕೂತಿರುವ ಪ್ರತಿಯೊಬ್ಬರ ಜೇಬಿನಲ್ಲೋ ಕೈಚೀಲದಲ್ಲೋ ಈ ಕ್ಷಣವೂ ಕೆಲಸ ಮಾಡುತ್ತಿರುವ ಒಂದು ಸಂಗತಿಯನ್ನು ಆರಿಸಿಕೊಂಡಿದ್ದೇನೆ. ಫೋನಿನ ಒಳಗೆ ಕಾರ್ಖಾನೆಯಿಂದಲೇ ಕೂತು ಬರುವ, ಫೋನಿನ ಆರೋಗ್ಯದ ವರದಿಯನ್ನು ಕಂಪನಿಗೆ ಕಳಿಸುವ ಸಿಸ್ಟಮ್ ಸೇವೆಗಳು ನನ್ನ ವಿಷಯ. ನಾನು ಕೆಲವು ವರ್ಷ ಫೋನಿನ ಸಾಫ್ಟ್‌ವೇರ್ ಪರೀಕ್ಷಿಸುವ ಕೆಲಸದಲ್ಲಿದ್ದವನು. ಇಂಥ ವರದಿಗಳನ್ನು ದಿನವೂ ಓದಿದ್ದೇನೆ. ಅವು ಎಷ್ಟು ಉಪಯೋಗಕ್ಕೆ ಬರುತ್ತವೆ, ಎಲ್ಲಿ ಗೆರೆ ದಾಟುತ್ತವೆ ಎಂಬ ಎರಡನ್ನೂ ಹೇಳುವ ಹೊಣೆ ನನ್ನ ಮೇಲಿದೆ ಎಂದುಕೊಂಡಿದ್ದೇನೆ.

ಆಂಡ್ರಾಯ್ಡ್ ಫೋನಿನ ಸೆಟ್ಟಿಂಗ್ಸ್‌ನಲ್ಲಿ ಆಪ್‌ಗಳ ಪಟ್ಟಿ ತೆರೆದು, ಸಿಸ್ಟಮ್ ಆಪ್‌ಗಳನ್ನೂ ತೋರಿಸು ಎಂದು ಕೇಳಿ ನೋಡಿ. ನಾವು ಹಾಕಿಕೊಂಡ ಹತ್ತಿಪ್ಪತ್ತು ಆಪ್‌ಗಳ ಪಟ್ಟಿ ಒಮ್ಮೆಗೇ ನೂರಾರು ಹೆಸರುಗಳಿಗೆ ಬೆಳೆಯುತ್ತದೆ. ಗೂಗಲ್ ಪ್ಲೇ ಸರ್ವಿಸಸ್, ಡಿವೈಸ್ ಹೆಲ್ತ್ ಸರ್ವಿಸಸ್, ಸ್ಯಾಮ್‌ಸಂಗ್ ಫೋನಾದರೆ ಡಯಾಗ್‌ಮಾನ್ ಏಜೆಂಟ್, ಶವೋಮಿಯಾದರೆ ಎಂಎಸ್‌ಎ, ಹೀಗೆ. ಇವುಗಳಿಗೆ ಪರದೆಯ ಮೇಲೆ ಐಕಾನ್ ಇಲ್ಲ. ಇವನ್ನು ಯಾರೂ ತೆರೆಯುವುದಿಲ್ಲ. ಯಾವಾಗಲೋ ಒಮ್ಮೆ ಬ್ಯಾಟರಿ ಬೇಗ ಖಾಲಿಯಾದಾಗ ಮಗನೋ ಮೊಮ್ಮಗಳೋ ಪಟ್ಟಿ ನೋಡಿ, ‘ಅಜ್ಜಿ, ಇದೇನೋ ಏಜೆಂಟ್ ಅಂತೆ, ಯಾರೋ ನಿಮ್ಮ ಫೋನ್ ಹ್ಯಾಕ್ ಮಾಡಿದ್ದಾರೆ’ ಎಂದು ಗಾಬರಿ ಹುಟ್ಟಿಸುತ್ತಾರೆ. ಇನ್ನುಳಿದವರು ‘ಅದೆಲ್ಲಾ ಇರತ್ತೆ ಬಿಡಿ’ ಎಂದು ಸುಮ್ಮನಾಗುತ್ತಾರೆ. ಗಾಬರಿಗೂ ಉಪೇಕ್ಷೆಗೂ ಕಾರಣ ಒಂದೇ. ಆ ಸೇವೆ ಏನು ಮಾಡುತ್ತದೆಂದು ನಮಗೆ ಅರ್ಥವಾಗುವ ಭಾಷೆಯಲ್ಲಿ ಯಾರೂ ಹೇಳಿಲ್ಲ.

ಮೊದಲು ಅದು ಕೂತಿರುವ ಜಾಗವನ್ನು ತಿಳಿಯೋಣ. ಫೋನಿನ ಸ್ಟೋರೇಜ್ ಒಂದೇ ಆದರೂ ಅದನ್ನು ಭಾಗಗಳಾಗಿ ಹಂಚಿರುತ್ತಾರೆ. ನಮ್ಮ ಫೋಟೊ, ಸಂದೇಶ, ನಾವು ಹಾಕಿಕೊಂಡ ಆಪ್‌ಗಳು ಒಂದು ಭಾಗದಲ್ಲಿ. ಸಿಸ್ಟಮ್ ಇನ್ನೊಂದು ಭಾಗದಲ್ಲಿ. ಅದನ್ನು ಓದಬಹುದೇ ಹೊರತು ಬಳಕೆದಾರ ಬದಲಾಯಿಸಲಾರ. ಹೀಗೆ ಬೀಗ ಹಾಕಿರುವುದಕ್ಕೆ ಒಳ್ಳೆಯ ಕಾರಣವಿದೆ: ಯಾವುದೋ ವೈರಸ್ ಬಂದು ಸಿಸ್ಟಮ್ಮನ್ನೇ ತಿದ್ದಬಾರದು. ಕಾರ್ಖಾನೆಯಲ್ಲಿ ಹಾಕಿದ ಸೇವೆಗಳು ಈ ಬೀಗದ ಒಳಗಿರುತ್ತವೆ. ಅದರ ಫಲ, ಫ್ಯಾಕ್ಟರಿ ರೀಸೆಟ್ ಮಾಡಿದರೂ ಅವು ಹೋಗುವುದಿಲ್ಲ. ಅನ್‌ಇನ್‌ಸ್ಟಾಲ್ ಗುಂಡಿ ಇರುವುದಿಲ್ಲ. ಡಿಸೇಬಲ್ ಗುಂಡಿ ಇದ್ದರೂ ಎಷ್ಟೋ ಸಲ ಮಸುಕಾಗಿರುತ್ತದೆ. ಇದಕ್ಕಿಂತ ಮುಖ್ಯವಾದ ಇನ್ನೊಂದು ವಿಷಯವಿದೆ. ನಾವು ಹಾಕಿಕೊಂಡ ಆಪ್ ಕ್ಯಾಮೆರಾ ಬೇಕೆಂದರೆ ಪರದೆಯ ಮೇಲೆ ನಮ್ಮನ್ನು ಕೇಳಬೇಕು. ತಯಾರಕರ ಸಹಿಯಿರುವ ಸಿಸ್ಟಮ್ ಸೇವೆಗೆ ಕೆಲವು ವಿಶೇಷ ಅನುಮತಿಗಳು ಹುಟ್ಟಿನಿಂದಲೇ ಬಂದಿರುತ್ತವೆ. ಇಡೀ ಫೋನಿನ ಲಾಗ್ ಓದುವುದು, ಯಾವ ಆಪ್ ಎಷ್ಟು ಹೊತ್ತು ಬಳಕೆಯಾಯಿತೆಂದು ನೋಡುವುದು, ಬದಲಾಯಿಸಲಾಗದ ಯಂತ್ರಸಂಖ್ಯೆಗಳನ್ನು ತಿಳಿಯುವುದು ಅಂಥವು. ಅದಕ್ಕಾಗಿ ಯಾರನ್ನೂ ಕೇಳಬೇಕಿಲ್ಲ.

ಕೇಳುವ ಒಂದೇ ಒಂದು ಗಳಿಗೆಯೆಂದರೆ ಫೋನನ್ನು ಮೊದಲ ಸಲ ಆನ್ ಮಾಡುವಾಗ. ಆ ಗಳಿಗೆಯಲ್ಲಿ ಫೋನ್ ಯಾರ ಕೈಯಲ್ಲಿರುತ್ತದೆ? ನಮ್ಮ ಸುಬ್ರಹ್ಮಣ್ಯಪುರ ಮುಖ್ಯರಸ್ತೆಯ ಯಾವುದೇ ಮೊಬೈಲ್ ಅಂಗಡಿಯ ಮುಂದೆ ಸ್ವಲ್ಪ ಹೊತ್ತು ನಿಂತರೆ ಕಾಣುತ್ತದೆ. ಡಬ್ಬ ಒಡೆಯುವವನು ಅಂಗಡಿಯ ಹುಡುಗ. ಸಿಮ್ ಹಾಕಿ, ವೈಫೈ ಕೊಟ್ಟು, ‘ನೆಕ್ಸ್ಟ್, ನೆಕ್ಸ್ಟ್, ಐ ಅಗ್ರೀ’ ಎಂದು ಅರ್ಧ ನಿಮಿಷದಲ್ಲಿ ಮುಗಿಸಿ, ಸ್ಕ್ರೀನ್‌ಗಾರ್ಡ್ ಅಂಟಿಸಿ, ‘ಎಲ್ಲಾ ಸೆಟ್ ಮಾಡಿದೀನಿ ಅಂಕಲ್’ ಎಂದು ಕೊಡುತ್ತಾನೆ. ಪಾಪ, ಅವನು ಉಪಕಾರವನ್ನೇ ಮಾಡುತ್ತಿದ್ದಾನೆ. ಹಿಂದೆ ನಾಲ್ಕು ಜನ ಕಾಯುತ್ತಿರುತ್ತಾರೆ. ಆದರೆ ಕಂಪನಿಯ ಕಡತದಲ್ಲಿ ಆ ಸ್ಪರ್ಶ ದಾಖಲಾಗುವುದು ಫೋನಿನ ಒಡೆಯರ ಒಪ್ಪಿಗೆಯಾಗಿ. ನಾನು ಇವತ್ತು ಹೇಳಬೇಕಾದ ಮಾತು ಇದರ ಸುತ್ತಲೇ ಇದೆ: ಫೋನನ್ನು ರಿಪೇರಿ ಮಾಡಲು ಬೇಕಾದ ಮಾಹಿತಿಯನ್ನು ಅದರ ಒಡೆಯ ಯಾರೆಂದು ತಿಳಿಯದೆಯೇ ಸಂಗ್ರಹಿಸಬಹುದು. ಒಡೆಯನ ಗುರುತು ಬೇಕೇಬೇಕೆನ್ನುವವರು ನಿಜವಾದ ಒಡೆಯನನ್ನು, ಅವನ ಭಾಷೆಯಲ್ಲಿ, ನಿಜವಾಗಿ ಕೇಳಬೇಕು. ಅವನು ಬೇಡವೆಂದರೆ ಫೋನ್ ಎಂದಿನಂತೆ ನಡೆಯಬೇಕು.

ಇಂಥ ವರದಿಗಳು ಬೇಡವೇ ಬೇಡ ಎನ್ನುವವರ ಪಕ್ಷ ನನ್ನದಲ್ಲ. 2018ರ ಫೆಬ್ರವರಿಯಲ್ಲಿ ಒಂದು ಘಟನೆ ನಡೆಯಿತು. ಒಂದು ತೆಲುಗು ಅಕ್ಷರ ಸಂದೇಶದಲ್ಲಿ ಬಂದರೆ ಸಾಕು, ಐಫೋನಿನ ಆಪ್‌ಗಳು ಕುಸಿದು ಬೀಳುತ್ತಿದ್ದವು. ಒತ್ತಕ್ಷರವನ್ನು ಪರದೆಯ ಮೇಲೆ ಜೋಡಿಸಿ ಬಿಡಿಸುವ ಕೋಡ್‌ನಲ್ಲಿ ದೋಷವಿತ್ತು. ಆಪಲ್ ಕಂಪನಿ ಅದೇ ತಿಂಗಳು ಐಒಎಸ್ 11.2.6 ಬಿಟ್ಟು ಸರಿಪಡಿಸಿತು. ಕ್ಯಾಲಿಫೋರ್ನಿಯಾದ ಪ್ರಯೋಗಾಲಯದಲ್ಲಿ ತೆಲುಗು ಬರೆಯುವವರು ಎಷ್ಟು ಜನ? ಕನ್ನಡ ಬರೆಯುವವರು ಎಷ್ಟು ಜನ? ನಮ್ಮಂಥ ಭಾಷೆಗಳ ಫೋನುಗಳು ಎಲ್ಲಿ ಎಡವುತ್ತವೆ ಎಂಬುದು ನಮ್ಮ ಕೈಯಲ್ಲಿರುವಾಗಲೇ ಗೊತ್ತಾಗುವುದು. ಆಪ್ ಕುಸಿದಾಗ ಸಿಸ್ಟಮ್ ಒಂದು ಸಣ್ಣ ಟಿಪ್ಪಣಿ ಬರೆದುಕೊಳ್ಳುತ್ತದೆ: ಕೋಡಿನ ಯಾವ ಸಾಲಿನಲ್ಲಿತ್ತು, ಮೆಮೊರಿ ಎಷ್ಟಿತ್ತು, ಯಾವ ಆವೃತ್ತಿ, ಯಾವ ಮಾಡೆಲ್. ಇಂಥ ಸಾವಿರ ಟಿಪ್ಪಣಿಗಳು ಒಂದೇ ಸಾಲನ್ನು ತೋರಿಸಿದರೆ ಎಂಜಿನಿಯರ್ ಮಾರನೆಯ ದಿನ ಅದನ್ನು ತಿದ್ದಬಲ್ಲ. ಬ್ಯಾಟರಿ ವಿಪರೀತ ಬಿಸಿಯಾಗುವುದು, ಕಾಲ್ ನಡುವೆಯೇ ಕತ್ತರಿಸುವುದು, ಅಪ್‌ಡೇಟ್ ಆದಮೇಲೆ ಫೋನ್ ಮತ್ತೆ ಮತ್ತೆ ರೀಸ್ಟಾರ್ಟ್ ಆಗುವುದು ಇವೆಲ್ಲ ಹೀಗೆಯೇ ಪತ್ತೆಯಾಗುತ್ತವೆ. ಕನಕಪುರ ರಸ್ತೆಯ ಅಪಾರ್ಟ್‌ಮೆಂಟುಗಳಲ್ಲಿ ಇರುವ ಎಷ್ಟೋ ಎಂಜಿನಿಯರುಗಳ ದಿನದ ಕೆಲಸ ಇದೇ. ಅವರ ತಂದೆತಾಯಿಗಳು ಈ ಸಭೆಯಲ್ಲೂ ಇರಬಹುದು. ಅದು ಮರ್ಯಾದೆಯ ಕೆಲಸ.

ತೊಡಕು ಬರುವುದು ಆ ಟಿಪ್ಪಣಿಗೆ ಒಂದು ಹೆಸರು ಅಂಟಿಕೊಂಡಾಗ. ಫೋನಿನಲ್ಲಿ ಸ್ಟಾರ್ ಹ್ಯಾಷ್ ಸೊನ್ನೆ ಆರು ಹ್ಯಾಷ್ ಒತ್ತಿದರೆ 15 ಅಂಕಿಯ ಐಎಂಇಐ ಬರುತ್ತದೆ. ಅದು ಆ ಯಂತ್ರದ ಸಂಖ್ಯೆ. ಸಿಮ್ ಬದಲಿಸಿದರೂ, ರೀಸೆಟ್ ಮಾಡಿದರೂ ಬದಲಾಗದು. ಜಾಹೀರಾತಿಗಾಗಿ ಇರುವ ಗುರುತಿನ ಸಂಖ್ಯೆಯನ್ನಾದರೂ ಅಳಿಸಬಹುದು, ಇದನ್ನು ಅಳಿಸಲಾಗದು. ಟಿಪ್ಪಣಿಯ ಜೊತೆ ಐಎಂಇಐ ಹೋದರೆ, ಅದರ ಪಕ್ಕಕ್ಕೆ ಫೋನ್ ನಂಬರ್ ಹೋದರೆ, ವೈಫೈ ಹೆಸರು ಹೋದರೆ, ಪರದೆ ಯಾವಾಗ ಹೊತ್ತಿತು ಯಾವಾಗ ಆರಿತು ಎಂಬ ಗಂಟೆ ನಿಮಿಷ ಹೋದರೆ, ಅದು ಯಂತ್ರದ ಆರೋಗ್ಯ ವರದಿಯಾಗಿ ಉಳಿಯುವುದಿಲ್ಲ. ಒಬ್ಬ ಮನುಷ್ಯ ಎಷ್ಟು ಗಂಟೆಗೆ ಎದ್ದ, ರಾತ್ರಿ ಎಷ್ಟು ಸಲ ಎಚ್ಚರವಾದ, ಯಾರ ಮನೆಯ ವೈಫೈಯಲ್ಲಿದ್ದ ಎಂಬ ದಿನಚರಿಯಾಗುತ್ತದೆ.

ಇದು ಊಹೆಯ ಮಾತಲ್ಲ. ಬೆಂಗಳೂರಿನಲ್ಲೇ ಭಾರತದ ಕಚೇರಿಗಳನ್ನಿಟ್ಟಿರುವ ಎರಡು ಫೋನ್ ಕಂಪನಿಗಳ ಸಂಗತಿ ನೋಡೋಣ. 2017ರ ಅಕ್ಟೋಬರ್‌ನಲ್ಲಿ ಕ್ರಿಸ್ಟೋಫರ್ ಮೂರ್ ಎಂಬ ಬ್ರಿಟನ್ನಿನ ಸಂಶೋಧಕರು ತಮ್ಮ ಒನ್‌ಪ್ಲಸ್ ಫೋನಿನಿಂದ ಹೊರಹೋಗುತ್ತಿದ್ದ ಮಾಹಿತಿಯನ್ನು ಹಿಡಿದು ನೋಡಿದ್ದು ಸುದ್ದಿಯಾಯಿತು. ಅಸಹಜವಾಗಿ ರೀಸ್ಟಾರ್ಟ್ ಆದದ್ದನ್ನು ವರದಿ ಮಾಡುವುದು ಸರಿ ಎಂದು ಅವರೇ ಹೇಳಿದರು. ಆದರೆ ಅದರ ಜೊತೆಗೆ ಐಎಂಇಐ, ಫೋನ್ ನಂಬರ್, ವೈಫೈ ಜಾಲದ ಹೆಸರು, ಫೋನಿನ ಸೀರಿಯಲ್ ನಂಬರ್, ಪರದೆ ತೆರೆದ ಮುಚ್ಚಿದ ಹೊತ್ತು, ಯಾವ ಆಪ್ ಯಾವಾಗ ತೆರೆಯಿತು ಎಂಬುದೆಲ್ಲ ಹೋಗುತ್ತಿತ್ತು. ಸುಮಾರು ಹತ್ತು ಗಂಟೆಗಳಲ್ಲಿ 16 ಎಂಬಿ. ಕಂಪನಿ ಉತ್ತರ ಕೊಟ್ಟಿತು: ಇದು ಸಾಫ್ಟ್‌ವೇರ್ ಸುಧಾರಣೆಗೆ, ಮಾರಾಟದ ನಂತರದ ಸೇವೆಗೆ; ‘ಯೂಸರ್ ಎಕ್ಸ್‌ಪೀರಿಯನ್ಸ್ ಪ್ರೋಗ್ರಾಮ್’ನಿಂದ ಹೊರಬಂದರೆ ಬಳಕೆಯ ಮಾಹಿತಿ ನಿಲ್ಲುತ್ತದೆ. ಮುಂದೆ ಫೋನ್ ನಂಬರ್, ವೈಫೈ ವಿವರ ಸಂಗ್ರಹಿಸುವುದಿಲ್ಲ, ಮೊದಲ ಸಲ ಆನ್ ಮಾಡುವಾಗಲೇ ಕೇಳುತ್ತೇವೆ ಎಂದೂ ಹೇಳಿತು. ಆ ಉತ್ತರವನ್ನು ನಾನು ಬಹಳ ಮುಖ್ಯವೆಂದು ಎಣಿಸುತ್ತೇನೆ. ಫೋನ್ ನಂಬರ್ ತೆಗೆದುಕೊಳ್ಳುವುದನ್ನು ಬಿಟ್ಟ ಮೇಲೂ ಆ ಫೋನುಗಳ ಅಪ್‌ಡೇಟ್ ನಿಲ್ಲಲಿಲ್ಲ, ರಿಪೇರಿ ನಿಲ್ಲಲಿಲ್ಲ. ಹಾಗಾದರೆ ಅಷ್ಟು ದಿನ ಅದನ್ನು ತೆಗೆದುಕೊಂಡದ್ದು ಯಾವ ಅಗತ್ಯಕ್ಕೆ?

ಶವೋಮಿಯದು ಅದಕ್ಕೂ ಹಳೆಯ ಕತೆ. 2014ರ ಜುಲೈಯಲ್ಲಿ ಅದು ಭಾರತಕ್ಕೆ ಬಂತು. ಮಾರಿದ್ದು ನಮ್ಮ ಊರಿನ ಫ್ಲಿಪ್‌ಕಾರ್ಟ್ ಮೂಲಕ. ಮರುತಿಂಗಳೇ ಫಿನ್‌ಲ್ಯಾಂಡಿನ ಎಫ್-ಸೆಕ್ಯೂರ್ ಸಂಸ್ಥೆ ಡಬ್ಬದಿಂದ ಆಗಷ್ಟೇ ತೆಗೆದ ರೆಡ್ಮಿ 1ಎಸ್ ಪರೀಕ್ಷಿಸಿತು. ಐಎಂಇಐ, ಫೋನ್ ನಂಬರ್, ವಿಳಾಸ ಪುಸ್ತಕಕ್ಕೆ ಸೇರಿಸಿದವರ ನಂಬರ್ ಕೂಡ ಕಂಪನಿಯ ಸರ್ವರ್‌ಗೆ ಹೋಗುತ್ತಿದ್ದವು. ಉಚಿತ ಸಂದೇಶ ಸೇವೆಯೊಂದಕ್ಕೆ ಅದು ಬೇಕಾಗಿತ್ತೆಂದು ಕಂಪನಿ ವಿವರಿಸಿ, ಅದೇ ಆಗಸ್ಟ್‌ನಲ್ಲಿ ಅಪ್‌ಡೇಟ್ ಕೊಟ್ಟು, ಬಳಕೆದಾರರು ಬೇಕೆಂದು ಆನ್ ಮಾಡಿದರೆ ಮಾತ್ರ ನಡೆಯುವಂತೆ ಬದಲಾಯಿಸಿತು. ಇಲ್ಲಿಯೂ ಅದೇ ಪಾಠ: ಬೆಳಕಿಗೆ ಬಂದ ಕೂಡಲೇ ಸಂಗ್ರಹ ಐಚ್ಛಿಕವಾಯಿತು.

ಇದನ್ನು ಈ ಎರಡರಂತಹ ಚೀನಾದ ಕಂಪನಿಗಳ ಗುಣವೆಂದು ತಿಳಿಯುವವರಿದ್ದಾರೆ. ಆದರೆ 2021ರ ಮಾರ್ಚ್‌ನಲ್ಲಿ ಡಬ್ಲಿನ್ನಿನ ಟ್ರಿನಿಟಿ ಕಾಲೇಜಿನ ಪ್ರೊ. ಡಗ್ಲಸ್ ಲೀತ್ ಅವರು ಗೂಗಲ್ ಪಿಕ್ಸೆಲ್ ಮತ್ತು ಐಫೋನ್‌ಗಳನ್ನು ಪಕ್ಕಪಕ್ಕ ಇಟ್ಟು ಅಳೆದರು. ಏನನ್ನೂ ಮಾಡದೆ ಮೇಜಿನ ಮೇಲೆ ಇಟ್ಟ ಫೋನು ಸರಾಸರಿ ನಾಲ್ಕೂವರೆ ನಿಮಿಷಕ್ಕೊಮ್ಮೆ ತನ್ನ ಕಂಪನಿಯೊಡನೆ ಮಾತಾಡುತ್ತಿತ್ತು, ಎರಡು ಕಂಪನಿಗಳದ್ದೂ. ‘ಕಳಿಸಬೇಡ’ ಎಂದು ಸೆಟ್ಟಿಂಗ್ಸ್‌ನಲ್ಲಿ ಹೇಳಿದ ಮೇಲೂ ಮಾತು ನಿಲ್ಲಲಿಲ್ಲ. ಗೂಗಲ್‌ಗೆ ಹೋದದ್ದು ಆಪಲ್‌ಗೆ ಹೋದದ್ದರ ಸುಮಾರು ಇಪ್ಪತ್ತು ಪಟ್ಟು. ಅಳತೆಯ ಕ್ರಮ ಸರಿಯಿಲ್ಲ, ಅಪ್‌ಡೇಟ್ ಮತ್ತು ಭದ್ರತೆಗೆ ಇಂಥ ಸಂಪರ್ಕ ಬೇಕೇ ಬೇಕು ಎಂದು ಗೂಗಲ್ ಆಕ್ಷೇಪಿಸಿತು. ಆ ಆಕ್ಷೇಪವನ್ನೂ ನಾವು ಕೇಳಿಸಿಕೊಳ್ಳಬೇಕು. ಆದರೆ ಮರುವರ್ಷ ಅದೇ ಲೀತ್ ಅವರು ಗೂಗಲ್‌ನ ಡಯಲರ್ ಮತ್ತು ಮೆಸೇಜಸ್ ಆಪ್‌ಗಳು ಬಳಕೆದಾರರು ಯಾವಾಗ ಕರೆ ಮಾಡಿದರು, ಎಷ್ಟು ಹೊತ್ತು ಮಾತಾಡಿದರು ಎಂಬುದನ್ನು ಕಳಿಸುತ್ತಿವೆ ಎಂದು ತೋರಿಸಿದಾಗ, ಗೂಗಲ್ ಕೆಲವು ಬದಲಾವಣೆಗಳನ್ನು ಒಪ್ಪಿಕೊಂಡಿತು.

ಲೀತ್ ಅವರಿಗಿಂತ ಮೊದಲು, 2019ರಲ್ಲಿ, ಸ್ಪೇನಿನ ಸಂಶೋಧಕರ ನೇತೃತ್ವದಲ್ಲಿ ಇನ್ನೂ ದೊಡ್ಡ ಅಧ್ಯಯನ ನಡೆದಿತ್ತು. 200ಕ್ಕೂ ಹೆಚ್ಚು ತಯಾರಕರ 1,742 ಫೋನುಗಳಿಂದ 82,000ಕ್ಕೂ ಹೆಚ್ಚು ಪೂರ್ವಸ್ಥಾಪಿತ ಆಪ್‌ಗಳನ್ನು ಕಲೆಹಾಕಿ ನೋಡಿದರು. ಅವುಗಳ ಹೆಸರುಗಳಲ್ಲಿ ಗೂಗಲ್ ಪ್ಲೇ ಸ್ಟೋರ್‌ನಲ್ಲಿ ಸಿಕ್ಕಿದ್ದು ಶೇ. 9 ಮಾತ್ರ. ಉಳಿದವುಗಳನ್ನು ಯಾರೂ ಹೊರಗೆ ನೋಡುವಂತಿಲ್ಲ, ವಿಮರ್ಶೆ ಬರೆಯುವಂತಿಲ್ಲ, ಅವುಗಳ ಗೌಪ್ಯತಾ ನೀತಿಯನ್ನು ಓದುವಂತಿಲ್ಲ. ತಯಾರಕ, ಚಿಪ್ ಕಂಪನಿ, ಮೊಬೈಲ್ ಜಾಲದ ಕಂಪನಿ, ಜಾಹೀರಾತು ಕಂಪನಿ, ಹೀಗೆ ಹಲವರು ಸೇರಿ ತುಂಬಿದ ಚೀಲವದು. ಯಾವುದನ್ನು ಯಾರು ಹಾಕಿದರೆಂದು ಕೊಂಡವನಿಗೆ ತಿಳಿಯುವುದಿಲ್ಲ.

ಬೆಳಕಿಗೆ ತಂದವರಿಗೆ ಏನಾಯಿತು ಎಂಬುದನ್ನೂ ಹೇಳಬೇಕು. 2011ರ ನವೆಂಬರ್‌ನಲ್ಲಿ ಅಮೆರಿಕದ ಟ್ರೆವರ್ ಎಕ್‌ಹಾರ್ಟ್ ಎಂಬ ಯುವಕ ಕ್ಯಾರಿಯರ್ ಐಕ್ಯೂ ಎಂಬ ಅಡಗಿದ ಡಯಾಗ್ನೊಸ್ಟಿಕ್ ಸಾಫ್ಟ್‌ವೇರ್ ಬಗ್ಗೆ ಬರೆದ. ಜಾಲದ ಗುಣಮಟ್ಟ ಅಳೆಯಲೆಂದು ಮೊಬೈಲ್ ಕಂಪನಿಗಳು ಹಾಕಿಸಿದ್ದ ಆ ಸಾಫ್ಟ್‌ವೇರ್ ಹದಿನಾಲ್ಕು ಕೋಟಿಯಷ್ಟು ಫೋನುಗಳಲ್ಲಿತ್ತು. ಅವನಿಗೆ ಮೊದಲು ಬಂದದ್ದು ವಕೀಲರ ನೋಟಿಸ್. ಒಂದು ಹಕ್ಕುಗಳ ಸಂಸ್ಥೆ ಬೆಂಬಲಕ್ಕೆ ನಿಂತ ಮೇಲೆ ಕಂಪನಿ ನೋಟಿಸ್ ಹಿಂತೆಗೆದುಕೊಂಡು ಕ್ಷಮೆ ಕೇಳಿತು. ನಾಲ್ಕು ವರ್ಷದ ನಂತರ, 2015ರ ಜೂನ್‌ನಲ್ಲಿ, ಬೆಂಗಳೂರಿನಲ್ಲಿಯೂ ಅಂಥದೇ ನಡೆಯಿತು. ಇಲ್ಲಿನ ಪ್ರೋಗ್ರಾಮರ್ ತೇಜೇಶ್ ಜಿ.ಎನ್. ಅವರು ಏರ್‌ಟೆಲ್ 3ಜಿ ಮೂಲಕ ತಮ್ಮದೇ ಜಾಲತಾಣವನ್ನು ತೆರೆದಾಗ, ತಾವು ಬರೆಯದ ಒಂದು ತುಂಡು ಕೋಡ್ ಅದರಲ್ಲಿ ಸೇರಿಕೊಂಡಿರುವುದನ್ನು ಕಂಡರು. ಅದು ಫೋನಿನಲ್ಲಿ ಕೂತ ಸೇವೆಯಲ್ಲ, ದಾರಿಯಲ್ಲಿ ಜಾಲದವರು ಸೇರಿಸಿದ್ದು. ಗ್ರಾಹಕರಿಗೆ ಅವರ ಡೇಟಾ ಬಳಕೆಯನ್ನು ತಿಳಿಸುವ ಪ್ರಯೋಗವೆಂದು ಏರ್‌ಟೆಲ್ ಹೇಳಿತು. ತೇಜೇಶ್ ಅವರು ಆ ತುಣುಕನ್ನು ಎಲ್ಲರೂ ನೋಡುವಂತೆ ಪ್ರಕಟಿಸಿದರು. ಕೆಲವೇ ದಿನಗಳಲ್ಲಿ ಆ ಕೋಡ್ ತಯಾರಿಸಿದ ಇಸ್ರೇಲಿನ ಫ್ಲಾಶ್ ನೆಟ್‌ವರ್ಕ್ಸ್ ಕಂಪನಿಯ ವಕೀಲರಿಂದ ನೋಟಿಸ್ ಬಂತು, ಕಾಪಿರೈಟ್ ಉಲ್ಲಂಘನೆಯೆಂದು. ಆ ಕೋಡ್ ಬಂದು ಕೂತದ್ದು ಅವರದೇ ಪುಟದಲ್ಲಿ, ಅವರನ್ನು ಕೇಳದೆ! ಅವರು ಹೆದರಿ ಸುಮ್ಮನಾಗಿದ್ದರೆ ನಮಗೆ ಯಾರಿಗೂ ಅದು ತಿಳಿಯುತ್ತಿರಲಿಲ್ಲ. ಇಂಥವರ ಬಗ್ಗೆ ನಮ್ಮ ಊರು ಹೆಮ್ಮೆಪಡಬೇಕು.

ಖಾಸಗಿ ಕಂಪನಿಗಳ ಮಾತಷ್ಟೇ ಆಡಿದರೆ ಅರ್ಧ ಸತ್ಯ ಹೇಳಿದಂತೆ. 2018ರ ಆಗಸ್ಟ್‌ನಲ್ಲಿ ದೇಶದ ಅಸಂಖ್ಯ ಆಂಡ್ರಾಯ್ಡ್ ಫೋನುಗಳ ಕಾಂಟ್ಯಾಕ್ಟ್ಸ್‌ನಲ್ಲಿ ‘ಯುಐಡಿಎಐ’ ಎಂಬ ಹೆಸರಿನ ಹಳೆಯ ಸಹಾಯವಾಣಿ ಸಂಖ್ಯೆ ಕಾಣಿಸಿಕೊಂಡು ಗುಲ್ಲೆದ್ದದ್ದು ನಿಮಗೆ ನೆನಪಿರಬಹುದು. ಆಧಾರ್ ಪ್ರಾಧಿಕಾರ ತಾನು ಯಾರಿಗೂ ಹಾಗೆ ಹೇಳಿಲ್ಲವೆಂದಿತು. ಕೊನೆಗೆ ಗೂಗಲ್ ಒಪ್ಪಿಕೊಂಡಿತು: 2014ರಲ್ಲಿ ಭಾರತದ ತಯಾರಕರಿಗೆ ಕೊಟ್ಟ ಸೆಟಪ್ ಸಾಫ್ಟ್‌ವೇರಿನಲ್ಲಿ ಅಕಸ್ಮಾತ್ತಾಗಿ ಆ ಸಂಖ್ಯೆ ಸೇರಿತ್ತು, ಹಳೆಯ ಫೋನಿನಿಂದ ಹೊಸ ಫೋನಿಗೆ ಕಾಂಟ್ಯಾಕ್ಟ್ಸ್ ದಾಟುತ್ತಾ ಅದೂ ದಾಟುತ್ತಿತ್ತು. ಅದರಿಂದ ಯಾರಿಗೂ ಹಾನಿಯಾಗಲಿಲ್ಲ. ಆದರೆ ಕಾರ್ಖಾನೆಯಲ್ಲಿ ಹಾಕಿದ ಒಂದು ಸಾಲು ನಾಲ್ಕು ವರ್ಷ ಕೋಟ್ಯಂತರ ಮನೆಗಳಲ್ಲಿ ಯಾರ ಕಣ್ಣಿಗೂ ಬೀಳದೆ ಇರಬಲ್ಲದು ಎಂದು ಆ ದಿನ ದೇಶಕ್ಕೆ ಗೊತ್ತಾಯಿತು. 2025ರ ನವೆಂಬರ್ 28ರಂದು ಕೇಂದ್ರದ ದೂರಸಂಪರ್ಕ ಇಲಾಖೆ ‘ಸಂಚಾರ್ ಸಾಥಿ’ ಆಪನ್ನು ಎಲ್ಲ ಹೊಸ ಫೋನುಗಳಲ್ಲಿ ಮೊದಲೇ ಹಾಕಬೇಕು, ಅದರ ಕೆಲಸವನ್ನು ನಿಲ್ಲಿಸುವಂತಿರಬಾರದು ಎಂದು ತಯಾರಕರಿಗೆ ಆದೇಶ ಕೊಟ್ಟಿತು. ಕಳೆದುಹೋದ ಫೋನ್ ಹುಡುಕಲು ಆ ಆಪ್ ನಿಜಕ್ಕೂ ಉಪಯುಕ್ತ. ಆದರೂ ವಿರೋಧ ಎದ್ದಿತು. ಡಿಸೆಂಬರ್ 3ರಂದು ಆದೇಶ ಹಿಂದಕ್ಕೆ ಹೋಯಿತು. ಉಪಯುಕ್ತವಾದದ್ದನ್ನೂ ಕಡ್ಡಾಯವಾಗಿ ಒಳಗೆ ಕೂರಿಸಬಾರದು ಎಂದು ಜನ ಸರ್ಕಾರಕ್ಕೆ ಹೇಳಬಲ್ಲವರಾದರೆ, ಕಂಪನಿಗಳಿಗೂ ಹೇಳಬಲ್ಲರು.

ಹೇಳುವುದಕ್ಕೆ ಬೇಕಾದ ಮಾತನ್ನು ನಮಗೆ ಕೊಟ್ಟವರು ಬೆಂಗಳೂರಿನವರೇ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು 2012ರಲ್ಲಿ, ತಮ್ಮ 86ನೆಯ ವಯಸ್ಸಿನಲ್ಲಿ, ಆಧಾರ್ ಯೋಜನೆಯನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದರು. ಆ ಅರ್ಜಿಯ ಫಲವಾಗಿ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕೆಂದು ಸರ್ವಾನುಮತದಿಂದ ತೀರ್ಪಿತ್ತಿತು. ಪುಟ್ಟಸ್ವಾಮಿಯವರು 2024ರ ಅಕ್ಟೋಬರ್‌ನಲ್ಲಿ, 98ನೆಯ ವಯಸ್ಸಿನಲ್ಲಿ, ಈ ಊರಿನಲ್ಲೇ ತೀರಿಕೊಂಡರು. ಅವರ ಹೆಸರನ್ನು ಹೊತ್ತ ಆ ತೀರ್ಪು ಮೂರು ಪ್ರಶ್ನೆ ಕೇಳುತ್ತದೆ. ಖಾಸಗಿತನದೊಳಗೆ ಕೈಹಾಕಲು ಕಾನೂನಿನ ಆಧಾರವಿದೆಯೇ? ಉದ್ದೇಶ ನ್ಯಾಯವಾದದ್ದೇ? ಕೈಹಾಕಿದ ಪ್ರಮಾಣ ಉದ್ದೇಶಕ್ಕೆ ತಕ್ಕಷ್ಟೇ ಇದೆಯೇ? ಪ್ರಶ್ನೆಗಳನ್ನು ಅದು ಮುಖ್ಯವಾಗಿ ಸರ್ಕಾರಕ್ಕೆ ಕೇಳಿತು. ಫೋನಿನ ಸಿಸ್ಟಮ್ ಸೇವೆಗೆ ಅದೇ ಮೂರನೆಯ ಪ್ರಶ್ನೆಯನ್ನು ಕೇಳಿ ನೋಡಿ. ಆಪ್ ಕುಸಿದ ಕಾರಣವನ್ನು ತಿಳಿಯಲು ಕೋಡಿನ ಸಾಲು ಬೇಕು, ಸರಿ. ಪಕ್ಕದ ಮನೆಯ ವೈಫೈ ಹೆಸರು ಯಾಕೆ ಬೇಕು?

ಮನುಷ್ಯರ ಅಭ್ಯಾಸ ತಿಳಿಯದೆ ಉತ್ಪನ್ನ ಸುಧಾರಿಸುವುದು ಹೇಗೆ ಎಂದು ಎಂಜಿನಿಯರ್ ಮಿತ್ರರು ನನ್ನನ್ನು ಕೇಳುತ್ತಾರೆ. ಅದಕ್ಕೆ ಅರವತ್ತು ವರ್ಷದ ಹಿಂದೆಯೇ ಉತ್ತರ ಸಿಕ್ಕಿದೆ. 1965ರಲ್ಲಿ ಸ್ಟ್ಯಾನ್ಲಿ ವಾರ್ನರ್ ಎಂಬ ಸಂಶೋಧಕರು, ಜನ ಹೇಳಲು ಸಂಕೋಚಪಡುವ ಸಂಗತಿಯನ್ನು ಅವರ ಗುಟ್ಟು ಕೆಡದಂತೆ ಎಣಿಸುವ ವಿಧಾನವೊಂದನ್ನು ಪ್ರಕಟಿಸಿದರು. ಅದರ ಒಂದು ಸರಳ ರೂಪ ಹೀಗಿದೆ. ಪ್ರಶ್ನೆ ಬಂದಾಗ ಒಂದು ನಾಣ್ಯ ಚಿಮ್ಮಿ. ತಲೆ ಬಿದ್ದರೆ ನಿಜ ಹೇಳಿ. ಬಾಲ ಬಿದ್ದರೆ ಇನ್ನೊಮ್ಮೆ ಚಿಮ್ಮಿ, ಈ ಸಲ ತಲೆಯಾದರೆ ‘ಹೌದು’, ಬಾಲವಾದರೆ ‘ಇಲ್ಲ’ ಎನ್ನಿ, ನಿಜ ಏನೇ ಇರಲಿ. ಈಗ ನೀವು ‘ಹೌದು’ ಎಂದರೆ ಅದು ನಿಜವೋ ನಾಣ್ಯದ ಮಾತೋ ಯಾರೂ ಹೇಳಲಾರರು. ಆದರೆ ಸಾವಿರ ಫೋನುಗಳಿಂದ 300 ‘ಹೌದು’ ಬಂದಿದ್ದರೆ ಲೆಕ್ಕ ಸುಲಭ. ಸುಮಾರು 500 ಫೋನುಗಳು ನಾಣ್ಯದ ಮಾತು ಹೇಳಿವೆ. ಅದರಲ್ಲಿ ಅರ್ಧ, ಅಂದರೆ 250, ‘ಹೌದು’ ಎಂದಿರುತ್ತವೆ. ಉಳಿದ 50 ‘ಹೌದು’ಗಳು ನಿಜ ಹೇಳಿದ 500ರಿಂದ ಬಂದವು. ಹಾಗಾದರೆ ಹತ್ತರಲ್ಲಿ ಒಂದು ಫೋನಿಗೆ ಆ ತೊಂದರೆಯಿದೆ. ಎಂಜಿನಿಯರಿಗೆ ಬೇಕಾದ ಸಂಖ್ಯೆ ಸಿಕ್ಕಿತು. ಯಾರ ಫೋನೆಂದು ಅವನಿಗೆ ತಿಳಿಯಲಿಲ್ಲ, ತಿಳಿಯಬೇಕಾಗಿಯೂ ಇರಲಿಲ್ಲ. ಗೂಗಲ್ 2014ರಲ್ಲಿ ಕ್ರೋಮ್ ಬ್ರೌಸರ್‌ಗೆ ಇದೇ ಬೀಜದಿಂದ ಬೆಳೆದ ವಿಧಾನವನ್ನು ಬಳಸಿತು. ಆಪಲ್ 2016ರಲ್ಲಿ ಐಒಎಸ್ 10ರೊಂದಿಗೆ ಇದರ ಸೋದರ ವಿಧಾನವನ್ನು ತಂದಿತು. ಗಣಿತ ಇದೆ, ಕೋಡ್ ಇದೆ, ಅದನ್ನು ಬರೆಯಬಲ್ಲ ಹುಡುಗ ಹುಡುಗಿಯರು ನಮ್ಮ ಬೀದಿಯಲ್ಲೇ ಇದ್ದಾರೆ. ಆದ್ದರಿಂದ ‘ಬೇರೆ ದಾರಿಯಿಲ್ಲ’ ಎಂಬ ಮಾತನ್ನು ನಾನು ಒಪ್ಪುವುದಿಲ್ಲ.

ಇನ್ನು ಕಾನೂನು. ಪೂರ್ವಸ್ಥಾಪಿತ ಆಪ್‌ಗಳ ವಿಷಯದಲ್ಲಿ ನಮ್ಮ ದೇಶ ಒಮ್ಮೆ ಗಟ್ಟಿ ಹೆಜ್ಜೆ ಇಟ್ಟು ಅರ್ಧ ಹಿಂದೆಗೆಯಿತು. 2022ರ ಅಕ್ಟೋಬರ್‌ನಲ್ಲಿ ಸ್ಪರ್ಧಾ ಆಯೋಗವು ಗೂಗಲ್‌ಗೆ 1,337.76 ಕೋಟಿ ರೂಪಾಯಿ ದಂಡ ಹಾಕಿ, ಅದರ ಪೂರ್ವಸ್ಥಾಪಿತ ಆಪ್‌ಗಳನ್ನು ಬಳಕೆದಾರ ತೆಗೆಯುವುದನ್ನು ತಡೆಯಬಾರದು ಎಂದಿತು. 2023ರ ಮಾರ್ಚ್‌ನಲ್ಲಿ ಮೇಲ್ಮನವಿ ನ್ಯಾಯಮಂಡಳಿ ದಂಡವನ್ನು ಎತ್ತಿಹಿಡಿದು, ಆ ನಿರ್ದೇಶನವನ್ನು ಮಾತ್ರ ಇನ್ನು ಕೆಲವುಗಳೊಂದಿಗೆ ತೆಗೆದುಹಾಕಿತು. ನನ್ನ ಮಟ್ಟಿಗೆ ಇದು ನಷ್ಟ.

ಆಸೆ ಇರುವುದು ಇನ್ನೊಂದು ಕಡೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾದವು. ಮುಖ್ಯ ಭಾಗಗಳು 18 ತಿಂಗಳ ನಂತರ, ಅಂದರೆ 2027ರ ಮೇ ತಿಂಗಳಲ್ಲಿ, ಜಾರಿಗೆ ಬರುತ್ತವೆ. ಸರ್ಕಾರಕ್ಕೆ ಅದರಲ್ಲಿ ಕೊಟ್ಟಿರುವ ವಿನಾಯಿತಿಗಳು ಅತಿಯಾಯಿತೆಂಬ ಟೀಕೆಯನ್ನು ನಾನೂ ಒಪ್ಪುತ್ತೇನೆ. ಆದರೆ ಕಂಪನಿಗಳ ಮಟ್ಟಿಗೆ ಅದು ಹೇಳುವುದು ಸ್ಪಷ್ಟ. ಒಪ್ಪಿಗೆ ಮುಕ್ತವಾಗಿರಬೇಕು, ನಿರ್ದಿಷ್ಟವಾಗಿರಬೇಕು, ತಿಳಿದು ಕೊಟ್ಟದ್ದಾಗಿರಬೇಕು, ಷರತ್ತಿಲ್ಲದ್ದಾಗಿರಬೇಕು. ಕೊಡುವುದು ಎಷ್ಟು ಸುಲಭವೋ ಹಿಂತೆಗೆದುಕೊಳ್ಳುವುದೂ ಅಷ್ಟೇ ಸುಲಭವಾಗಿರಬೇಕು. ಕಾಯ್ದೆಯೇ ಒಂದು ಉದಾಹರಣೆ ಕೊಡುತ್ತದೆ: ದೂರವೈದ್ಯಕೀಯ ಆಪೊಂದು ಚಿಕಿತ್ಸೆಯ ಜೊತೆಗೆ ಕಾಂಟ್ಯಾಕ್ಟ್ ಪಟ್ಟಿಯನ್ನೂ ಕೇಳಿ, ಬಳಕೆದಾರಳು ಎರಡಕ್ಕೂ ಹೂಂ ಎಂದರೂ, ಕಾಂಟ್ಯಾಕ್ಟ್ ಪಟ್ಟಿ ಚಿಕಿತ್ಸೆಗೆ ಬೇಕಿಲ್ಲವಾದ್ದರಿಂದ ಆ ಒಪ್ಪಿಗೆ ಅಲ್ಲಿಗೆ ಹಬ್ಬುವುದಿಲ್ಲ. ಇನ್ನೂ ಒಂದು ಮಾತಿದೆ, ಕನ್ನಡಿಗರು ಗಟ್ಟಿಯಾಗಿ ಹಿಡಿದುಕೊಳ್ಳಬೇಕಾದದ್ದು. ಒಪ್ಪಿಗೆ ಕೇಳುವ ನೋಟಿಸನ್ನು ಇಂಗ್ಲಿಷಿನಲ್ಲಾಗಲಿ, ಸಂವಿಧಾನದ ಎಂಟನೆಯ ಅನುಸೂಚಿಯ ಯಾವುದೇ ಭಾಷೆಯಲ್ಲಾಗಲಿ ಓದುವ ಆಯ್ಕೆ ಬಳಕೆದಾರನಿಗೆ ಇರಬೇಕು. ಕನ್ನಡ ಆ 22 ಭಾಷೆಗಳಲ್ಲಿ ಒಂದು.

ಅಲ್ಲಿಯವರೆಗೆ ಕಾಯಬೇಕಿಲ್ಲ. ಇವತ್ತು ಮನೆಗೆ ಹೋಗಿ ಮಾಡಬಹುದಾದದ್ದಿದೆ. ಆಂಡ್ರಾಯ್ಡ್‌ನಲ್ಲಿ ಸೆಟ್ಟಿಂಗ್ಸ್ ತೆರೆದು, ಗೂಗಲ್ ವಿಭಾಗದಲ್ಲಿ ‘ಯೂಸೇಜ್ ಅಂಡ್ ಡಯಾಗ್ನೊಸ್ಟಿಕ್ಸ್’ ಎಂಬುದನ್ನು ಹುಡುಕಿ. ಸಿಗದಿದ್ದರೆ ಸೆಟ್ಟಿಂಗ್ಸ್‌ನ ಮೇಲಿರುವ ಹುಡುಕುವ ಜಾಗದಲ್ಲಿ ‘ಡಯಾಗ್ನೊಸ್ಟಿಕ್’ ಎಂದು ಇಂಗ್ಲಿಷಿನಲ್ಲಿ ಬರೆಯಿರಿ, ತಯಾರಕರ ಬೇರೆ ಗುಂಡಿಯಿದ್ದರೆ ಅದೂ ಬರುತ್ತದೆ. ‘ಯೂಸರ್ ಎಕ್ಸ್‌ಪೀರಿಯನ್ಸ್ ಪ್ರೋಗ್ರಾಮ್’ ಎಂದು ಕಂಡರೆ ಅದೂ ಇದೇ ಬಳಗದ್ದು. ಐಫೋನಿನಲ್ಲಿ ‘ಪ್ರೈವಸಿ ಅಂಡ್ ಸೆಕ್ಯೂರಿಟಿ’ಯ ಕೊನೆಯ ಭಾಗದಲ್ಲಿ ‘ಅನಲಿಟಿಕ್ಸ್ ಅಂಡ್ ಇಂಪ್ರೂವ್‌ಮೆಂಟ್ಸ್’ ಇದೆ. ಫೋನು ಬರೆದುಕೊಂಡ ವರದಿಗಳ ಕಡತಗಳನ್ನೂ ಅಲ್ಲಿ ನೋಡಬಹುದು. ಓದಲು ಕಷ್ಟ, ಆದರೂ ಮುಚ್ಚಿಟ್ಟಿಲ್ಲ. ಈ ಗುಂಡಿಗಳಿಂದ ಎಲ್ಲವೂ ನಿಲ್ಲುವುದಿಲ್ಲ ಎಂದು ಲೀತ್ ಅವರ ಅಳತೆ ಹೇಳಿದ್ದನ್ನು ನೆನಪಿಡಿ, ಕಡಿಮೆಯಂತೂ ಮಾಡಿಕೊಳ್ಳಬಹುದು. ವೀಡಿಯೊ ನೋಡಿಕೊಂಡು ಕಂಪ್ಯೂಟರಿಗೆ ಫೋನು ಸಿಕ್ಕಿಸಿ ಸಿಸ್ಟಮ್ ಸೇವೆಗಳನ್ನೇ ಕಿತ್ತುಹಾಕುವ ಸಾಹಸ ಮಾತ್ರ ಬೇಡ. ಯಾವುದೋ ಒಂದನ್ನು ತೆಗೆದರೆ ಕಾಲ್ ಬರುವುದೇ ನಿಂತೀತು, ಭದ್ರತಾ ಅಪ್‌ಡೇಟ್ ನಿಂತೀತು. ಹೊಸ ಫೋನ್ ಕೊಳ್ಳುವಾಗ ಅಂಗಡಿಯ ಹುಡುಗನಿಗೆ ‘ಆ ಪುಟಗಳನ್ನು ನಾನೇ ಒತ್ತುತ್ತೇನಪ್ಪ’ ಎಂದರೆ ಅವನು ಬೇಸರಿಸುವುದಿಲ್ಲ.

2027ರ ಮೇ ತಿಂಗಳಿಗೆ ಕಂಪನಿಗಳು ಕನ್ನಡದ ನೋಟಿಸ್ ಸಿದ್ಧಮಾಡಲೇಬೇಕು. ಅದು ಯಂತ್ರಾನುವಾದದ, ನಾಲಗೆ ಹೊರಳದ ಕನ್ನಡವಾಗಿ ಬಂದರೆ ಅಂಗಡಿಯ ಹುಡುಗ ಮತ್ತೆ ‘ನೆಕ್ಸ್ಟ್’ ಒತ್ತುತ್ತಾನೆ. ಹಾಗಾಗದಿರಲಿ ಎಂದು ಒಂದು ಕರಡು ಬರೆದು ತಂದಿದ್ದೇನೆ:

‘ಈ ಫೋನಿನಲ್ಲಿ ಯಾವುದಾದರೂ ಆಪ್ ಕೆಟ್ಟು ನಿಂತರೆ, ಯಾವ ಆಪ್, ಅದರ ಯಾವ ಆವೃತ್ತಿ, ಆಗ ಬ್ಯಾಟರಿ ಮತ್ತು ಮೆಮೊರಿ ಎಷ್ಟಿತ್ತು ಎಂಬ ವರದಿಯನ್ನು ನಮಗೆ ಕಳಿಸಬಹುದೇ? ಕೆಟ್ಟದ್ದನ್ನು ಸರಿಪಡಿಸಲು ಮಾತ್ರ ಇದನ್ನು ಬಳಸುತ್ತೇವೆ. ವರದಿಯಲ್ಲಿ ನಿಮ್ಮ ಹೆಸರು, ಫೋನ್ ನಂಬರ್, ಐಎಂಇಐ, ವೈಫೈ ಹೆಸರು, ನೀವಿರುವ ಜಾಗ ಇರುವುದಿಲ್ಲ. ವರದಿ ______ ದೇಶದಲ್ಲಿರುವ ನಮ್ಮ ಸರ್ವರ್‌ಗೆ ಹೋಗುತ್ತದೆ. ______ ದಿನಗಳ ನಂತರ ಅಳಿಸುತ್ತೇವೆ. ಕಳಿಸಿದ ವರದಿಗಳನ್ನು ನೀವು ಸೆಟ್ಟಿಂಗ್ಸ್‌ನಲ್ಲಿ ನೋಡಬಹುದು, ಯಾವಾಗ ಬೇಕಾದರೂ ನಿಲ್ಲಿಸಬಹುದು. ಬೇಡವೆಂದರೂ ಫೋನ್ ಪೂರ್ತಿಯಾಗಿ ಕೆಲಸ ಮಾಡುತ್ತದೆ.’

ಇದರ ಕೆಳಗೆ ಎರಡು ಗುಂಡಿ, ‘ಕಳಿಸಿ’ ಮತ್ತು ‘ಬೇಡ’. ಎರಡೂ ಒಂದೇ ಅಳತೆಯವು, ಒಂದೇ ಬಣ್ಣದವು. ಖಾಲಿ ಬಿಟ್ಟ ಎರಡು ಜಾಗಗಳನ್ನು ನಾನು ತುಂಬಲಾರೆ, ಕಂಪನಿಗಳೇ ತುಂಬಬೇಕು. ಕರಡಿನ ಪ್ರತಿಗಳು ಬಾಗಿಲ ಬಳಿಯ ಮೇಜಿನ ಮೇಲಿವೆ. ಯಾವ ಪದ ನಿಮ್ಮ ಮನೆಯ ಹಿರಿಯರಿಗೆ ತಿಳಿಯುವುದಿಲ್ಲ ಅನ್ನಿಸುತ್ತದೋ ಅದರ ಮೇಲೆ ಗೆರೆ ಎಳೆದು, ಅವರು ಆಡುವ ಪದವನ್ನು ಪಕ್ಕದಲ್ಲಿ ಬರೆದು ಕೊಡಿ.